ಶರೀಫರ ಪದ, ಗಿಟಾರಿನ ಮೇಳ: ‘ಜಗ್ ಚಂಗಾ’ ಕೇಳಿದ ಮೇಲೆ

ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಬಹುದೆ ಎಂಬ ಪ್ರಶ್ನೆ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವುದುಂಟು. ರಾಜ್ಯೋತ್ಸವ ಹತ್ತಿರ ಬಂದಿತೆಂದರೆ ಮಕ್ಕಳು ತಮ್ಮ ನೃತ್ಯಕ್ಕೆ ರಘು ದೀಕ್ಷಿತರ ಹಾಡನ್ನು ಆರಿಸಿಕೊಂಡು ಬರುತ್ತಾರೆ, ಹಿರಿಯರು ಸಿ. ಅಶ್ವತ್ಥರ ಹಾಡೇ ಆಗಬೇಕೆಂದು ಪಟ್ಟು ಹಿಡಿಯುತ್ತಾರೆ. ಚಹಾ ಎರಡು ಸುತ್ತು ಆಗುತ್ತದೆ, ಒಬ್ಬಿಬ್ಬರು ಮುಖ ಬಾಡಿಸಿಕೊಳ್ಳುತ್ತಾರೆ, ಕಡೆಗೆ ಮಕ್ಕಳ ಮಾತೇ ಗೆಲ್ಲುತ್ತದೆ. ಗೆದ್ದದ್ದು ಸರಿಯೋ ತಪ್ಪೋ ಎಂದು ಆಮೇಲೆ ಯಾರೂ ವಿಚಾರ ಮಾಡುವುದಿಲ್ಲ.

ನಾನು ಬಹಳ ಕಾಲ ಹಿರಿಯರ ಪಕ್ಷದಲ್ಲಿಯೇ ಇದ್ದವನು. ಆದರೆ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಈಚೆಗೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಆ ಮೇಳದ ಎರಡನೆಯ ಧ್ವನಿಮುದ್ರಿಕೆ, 2013ರಲ್ಲಿ ಹೊರಬಂದ ‘ಜಗ್ ಚಂಗಾ’ವನ್ನು, ಡೊಂಬಿವಲಿಯಿಂದ ದಾದರಿನವರೆಗಿನ ಪ್ರಯಾಣದಲ್ಲಿ ಹತ್ತಾರು ದಿನ ಕಿವಿಗೊಟ್ಟು ಕೇಳಿದೆ. ಕೇಳಿದ ಮೇಲೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೆಂದು ಹೇಳಲಾರೆ. ಮೊದಲಿನಂತೆ ಉಳಿಯಿತೆಂದೂ ಹೇಳಲಾರೆ. ಎಲ್ಲಿ ಬದಲಾಯಿತು, ಎಲ್ಲಿ ಉಳಿಯಿತು ಎಂಬುದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ರಘು ದೀಕ್ಷಿತರು ನಮಗೆ ಅಷ್ಟೇನೂ ದೂರದವರಲ್ಲ. ಅವರು ಹುಟ್ಟಿದ್ದು ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿದರೆ ಸಿಗುವ ನಾಸಿಕದಲ್ಲಿ, 1974ರಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯ ಕಲಿತವರು. ಮೊದಲು ‘ಅಂತರಾಗ್ನಿ’ ಎಂಬ ಮೇಳ ಕಟ್ಟಿದರು, ಆಮೇಲೆ ಈಗಿನ ಮೇಳ. ಅವರ ಮೊದಲ ಧ್ವನಿಮುದ್ರಿಕೆಯನ್ನು 2008ರಲ್ಲಿ ಹೊರತಂದದ್ದು ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಜೋಡಿ. ಕನ್ನಡದ ಪದ ಹಾಡುವ ಮೇಳಕ್ಕೆ ಬಾಗಿಲು ತೆರೆದದ್ದು ಈ ಊರು ಎಂಬುದು ನಮಗೆ ಹೆಮ್ಮೆಯ ಮಾತೇ. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿಯೂ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಈ ಮೇಳ ಹಾಡಿತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ತೂಗುಹಾಕಿಕೊಂಡು ನಿಂತ ಆಸಾಮಿಯನ್ನು ಕಂಡು ನಮ್ಮಲ್ಲಿ ಕೆಲವರು ಮೂಗು ಮುರಿದರು. ಯಕ್ಷಗಾನದ ವೇಷಧಾರಿಗೂ ಗೊಂದಲಿಗರಿಗೂ ಗೆಜ್ಜೆ ಒಪ್ಪುವುದಾದರೆ ಗಿಟಾರಿನವನಿಗೆ ಏಕೆ ಒಪ್ಪಬಾರದು ಎಂದು ಕೇಳಿದರೆ ಉತ್ತರವಿಲ್ಲ.

ಮೊದಲ ಮುದ್ರಿಕೆಯಲ್ಲಿ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’ ಇದ್ದವು. ಎರಡನೆಯದರಲ್ಲಿ, ಅಂದರೆ ‘ಜಗ್ ಚಂಗಾ’ದಲ್ಲಿ, ‘ಕೋಡಗನ ಕೋಳಿ ನುಂಗಿತ್ತಾ’ ಮತ್ತು ‘ಲೋಕದ ಕಾಳಜಿ’ ಇವೆ. ನಾನು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಪರೀಕ್ಷೆಗೆ ಎತ್ತಿಕೊಂಡದ್ದಕ್ಕೆ ಕಾರಣವುಂಟು. ಮೊದಲ ಮುದ್ರಿಕೆಯಲ್ಲಿ ಕಲಾವಿದ ಹತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಸುರಿಯುತ್ತಾನೆ. ಜನ ಹೊಸತೆಂದು ಮೆಚ್ಚುತ್ತಾರೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಹೊಸತನದ ರಿಯಾಯಿತಿ ಮುಗಿದಿರುತ್ತದೆ. ಶರೀಫರನ್ನು ಒಮ್ಮೆ ಹಾಡಿದ್ದು ಅದೃಷ್ಟವೋ ಅಭ್ಯಾಸವೋ ಎಂಬುದು ಎರಡನೆಯ ಸಲವೇ ತಿಳಿಯಬೇಕು.

ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು. ಅವರ ಪದಗಳು ಪುಸ್ತಕಕ್ಕೆ ಬರುವ ಮೊದಲು ಭಜನೆಯ ಮೇಳಗಳಲ್ಲಿ ಏಕತಾರಿ, ತಾಳ, ದಪ್ಪುಗಳ ನಡುವೆ ಬದುಕಿದವು. ಕಣ್ಣೆದುರು ಕಂಡದ್ದನ್ನೆಲ್ಲ ಅವರು ಪದಕ್ಕೆ ಎಳೆದರು: ಸೋರುವ ಮಾಳಿಗೆ, ಸೇದುವ ಗುಡುಗುಡಿ, ಸಂತೆ, ಬಿತ್ತನೆ. ಅವರ ಕಾಲದಲ್ಲಿ ಹೊಸದಾಗಿ ಬಂದ ಅರಳೆಯ ಗಿರಣಿಯ ಮೇಲೂ ಒಂದು ಪದವಿದೆ. ಉಗಿಯಂತ್ರವನ್ನು ಕಂಡು ದೇಹತತ್ತ್ವ ನೆನೆದ ಮನುಷ್ಯ ಗಿಟಾರನ್ನು ಕಂಡು ಕಿವಿ ಮುಚ್ಚಿಕೊಳ್ಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆದ್ದರಿಂದ ವಾದ್ಯ ಯಾವುದು ಎಂಬುದು ನಿಜವಾದ ಪ್ರಶ್ನೆಯಲ್ಲ. ವಾದ್ಯ ಪದಕ್ಕೆ ಏನು ಮಾಡುತ್ತದೆ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಅಳತೆಗೋಲನ್ನು ಶರೀಫರೇ ಕೊಟ್ಟಿದ್ದಾರೆ. ‘ಕೋಡಗನ ಕೋಳಿ ನುಂಗಿತ್ತಾ’ ಅಲ್ಲಮನ ಬೆಡಗಿನ ವಚನಗಳ ವಂಶಕ್ಕೆ ಸೇರಿದ ಪದ. ಅದರಲ್ಲಿ ಲೋಕದ ಕ್ರಮವೆಲ್ಲ ತಲೆಕೆಳಗು. ಸಣ್ಣದು ದೊಡ್ಡದನ್ನು ನುಂಗುತ್ತದೆ. ಕುಣಿಯಲು ಬಂದವಳನ್ನು ಮದ್ದಳೆಯೇ ನುಂಗಿಹಾಕುತ್ತದೆ. ಎಲ್ಲ ನುಂಗಾಟದ ಕೊನೆಗೆ ಗುರುವಿನ ಪಾದ ಶಿಷ್ಯನನ್ನೇ ನುಂಗಿದಲ್ಲಿ ಒಗಟು ಬಿಚ್ಚಿಕೊಳ್ಳುತ್ತದೆ. ನಮ್ಮ ಸಮಿತಿಯ ಹಿರಿಯರ ಭಯವೂ ಇದೇ ಅಲ್ಲವೆ? ಮದ್ದಳೆ ಪಾತ್ರದವಳನ್ನು ನುಂಗಿದಂತೆ ಈ ಡ್ರಮ್ಮು ಶರೀಫರನ್ನು ನುಂಗೀತೆ?

ಈ ಒಂದು ಹಾಡಿನ ಮಟ್ಟಿಗೆ ಹೇಳುವುದಾದರೆ, ನುಂಗುತ್ತದೆ, ನುಂಗಿದ್ದು ತಪ್ಪಲ್ಲ. ಪದವೇ ಅಂಥದು. ಒಂದರ ಮೇಲೊಂದು ಬೀಳುವ ಅಸಂಗತ ಚಿತ್ರಗಳನ್ನು ವಿಚಾರ ಮಾಡುತ್ತ ನಿಂತರೆ ಅದು ನೀರಸ ಒಗಟಾಗುತ್ತದೆ. ಓಟದಲ್ಲಿ ಹಿಡಿದರೆ ಮಾತ್ರ ತಲೆ ಗಿರ್ರೆನ್ನುತ್ತದೆ. ಆ ಗಿರ್ರೆನ್ನುವಿಕೆಯೇ ಅದರ ಅರ್ಥದ ಮೊದಲ ಮೆಟ್ಟಿಲು. ದೀಕ್ಷಿತರ ಮೇಳ ಅದನ್ನು ಓಡಿಸುತ್ತದೆ. ಪ್ರತಿ ಸುತ್ತಿನಲ್ಲೂ ನುಂಗುವ ಕ್ರಿಯಾಪದದ ಮೇಲೆ ಬಂದು ಬೀಳುವ ಏಟಿನಲ್ಲಿ ಮಕ್ಕಳಾಟದ ಖುಷಿಯಿದೆ. ಇಡೀ ಮೇಳ ಹಾಡುಗಾರನನ್ನು ನುಂಗಿ, ಹಾಡುಗಾರ ಮೇಳವನ್ನು ನುಂಗಿ, ಕೇಳುವವನ ಕಾಲು ತಾನಾಗಿ ತಾಳ ಹಾಕತೊಡಗಿದಾಗ, ಶರೀಫರು ಹೇಳಿದ್ದನ್ನು ಇವರು ಮಾಡಿ ತೋರಿಸಿದರು ಎನ್ನಿಸುತ್ತದೆ. ಇಲ್ಲಿ ನನ್ನ ಹಳೆಯ ಹಟ ಸೋತಿತು, ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಆದರೆ ಒಂದು ಮಾತು. ಕಲ್ಯಾಣದಲ್ಲಿರುವ ನನ್ನ ಮೊಮ್ಮಗಳು ಈ ಹಾಡನ್ನು ಪೂರ್ತಿ ಬಾಯಿಪಾಠ ಮಾಡಿದ್ದಾಳೆ. ಒಂದು ದಿನ ಬಂದು, “ಅಜ್ಜಾ, ಕೊಡಗಿನ ಕೋಳಿ ಏನನ್ನು ನುಂಗಿತು?” ಎಂದು ಕೇಳಿದಳು. ಕೂರ್ಗಿನ ಕೋಳಿ ಬಹಳ ದೊಡ್ಡದಿರಬಹುದೆಂದು ಅವಳ ಊಹೆ! ಅವಳ ವಹಿ ತೆಗೆದು ನೋಡಿದೆ. ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ. ಕನ್ನಡ ಅಕ್ಷರ ಬಾರದು. ಮರಾಠಿಯ ಲಿಪಿಯಲ್ಲಿ ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಬೇರೆ ಬೇರೆ ಗುರುತಿಲ್ಲ. ಕೊಡಗು ಎಂದು ಬರೆದರೂ ಕೋಡಗ ಎಂದು ಬರೆದರೂ ಮೊದಲ ಅಕ್ಷರ ಕಾಗದದ ಮೇಲೆ ಒಂದೇ. ಕೋಡಗ ಎಂದರೆ ಮಂಗ, ಮರಾಠಿಯ ಮಾಕಡ ಎಂದು ಹೇಳಿದೆ. ಕೋಳಿ ನುಂಗಿದ್ದು ಮಂಗವನ್ನು ಎಂದು ತಿಳಿದಾಗ ಅವಳು ನಕ್ಕ ನಗು ಬೇರೆಯೇ. ಅದುವರೆಗೆ ಅವಳು ಹಾಡಿಗೆ ಕುಣಿದಿದ್ದಳು; ಆ ಗಳಿಗೆಯಲ್ಲಿ ಪದಕ್ಕೆ ನಕ್ಕಳು. ಈ ಎರಡರ ನಡುವಿನ ಅಂತರ ತುಂಬುವುದು ಯಾರ ಕೆಲಸ? ಅದು ಬೆಂಗಳೂರಿನ ಮೇಳದ ಕೆಲಸವಲ್ಲ. ಅವರು ಕಿವಿಯವರೆಗೆ ತಂದುಕೊಟ್ಟರು. ಅಲ್ಲಿಂದ ಮುಂದಿನದು ಮನೆಯವರ ಪಾಲಿನದು.

ಇನ್ನು ‘ಲೋಕದ ಕಾಳಜಿ’. ನನ್ನ ತಕರಾರು ಇರುವುದು ಇಲ್ಲಿ.

ಈ ಪದ ಒಂದು ಚುಚ್ಚುಮಾತು. ಊರ ಕಟ್ಟೆಯ ಮೇಲೆ ಕುಳಿತ ಹಿರಿಯನೊಬ್ಬ ಲೋಕವನ್ನೆಲ್ಲ ತಲೆಯ ಮೇಲೆ ಹೊತ್ತವನಂತೆ ಓಡಾಡುವವನನ್ನು ನಿಲ್ಲಿಸಿ, ಮಾಡಪ್ಪಾ, ಬೇಡ ಎಂದವರು ಯಾರು, ಎಂದು ಕೆಣಕುವ ಧಾಟಿ. ನಿನ್ನ ವ್ಯಾಪಾರವೆಲ್ಲ ಒಂದು ಗಳಿಗೆಯದು, ಆದರೂ ಮೇಲೊಂದು ಮಾಳಿಗೆ ಏಳಬೇಕೆನ್ನುತ್ತೀ, ಆನೆ ಏರಬೇಕೆನ್ನುತ್ತೀ, ಕಡೆಗೆ ಇಳಿಯುವುದು ಮಣ್ಣಿಗೆ ಎಂಬುದನ್ನು ಮರೆಯುತ್ತೀ. ಹೀಗೆ ಸಾಗುತ್ತದೆ ಅದರ ತಿರುಳು. ಮೊದಲ ಮುದ್ರಿಕೆಯಲ್ಲಿ ಸೋರುತ್ತಿದ್ದ ಮಾಳಿಗೆಯ ಮೇಲೆ ಈ ಮುದ್ರಿಕೆಯಲ್ಲಿ ಇನ್ನೊಂದು ಮಾಳಿಗೆ ಏಳಿಸುವ ಮಾತು ಬಂದಿದೆ. ಕೇಳುವವನು ನಗುವಂತೆಯೇ ಇದೆ.

ಈ ಮಾತು ಯಾರಿಗೆ ತಾಗಬೇಕೋ ಅವರು ನಾವೇ. ನಮ್ಮ ಪೈಕಿ ಎಷ್ಟು ಜನ ಡೊಂಬಿವಲಿಯ ಒಂದು ಖೋಲಿಯಿಂದ ಆರಂಭಿಸಿ, ಥಾಣೆಯ ಘೋಡ್‌ಬಂದರ್ ರಸ್ತೆಗೋ ನವಿಮುಂಬಯಿಯ ಖಾರಘರಕ್ಕೋ ಕಣ್ಣು ನೆಟ್ಟು, ಇಪ್ಪತ್ತು ವರ್ಷದ ಸಾಲದ ಕಂತುಗಳಲ್ಲಿ ಅರ್ಧ ಆಯುಷ್ಯ ಕಳೆದಿಲ್ಲ? ಇಲ್ಲಿನ ಮರಾಠಿಯಲ್ಲಿ ಅಂತಸ್ತಿಗೂ ‘ಮಾಳಾ’ ಎಂದೇ ಹೆಸರು. ಶರೀಫರ ಮಾಳಿಗೆಗೂ ನಮ್ಮ ‘ಸಾತವಾ ಮಾಳಾ’ಕ್ಕೂ ದೂರ ಕಡಿಮೆ. ಮಳೆಗಾಲ ಬಂದರೆ ಸೊಸಾಯಿಟಿಯ ಸಭೆಯಲ್ಲಿ ಟೆರೇಸು ಸೋರುವುದೇ ಮೊದಲ ವಿಷಯ. ಇಂಥವರ ಕಿವಿಯಲ್ಲಿ ಈ ಪದ ಮುಳ್ಳಿನಂತೆ ನಾಟಬೇಕಿತ್ತು.

ನನಗೆ ಆದದ್ದು ಹೇಳುತ್ತೇನೆ. ದಿವಾ ದಾಟಿದ ಮೇಲೆ ಕಿಟಕಿಯಾಚೆ ಏಳುತ್ತಿರುವ ಕಟ್ಟಡಗಳನ್ನು ನೋಡುತ್ತ, ಮಗನ ಹೊಸ ಮನೆಯ ಮುಂಗಡದ ಲೆಕ್ಕ ಹಾಕುತ್ತ ಕುಳಿತಿದ್ದೆ. ಕಿವಿಯಲ್ಲಿ ‘ಲೋಕದ ಕಾಳಜಿ’. ತಲೆ ತೂಗುತ್ತಿತ್ತು, ಬೆರಳು ಚೀಲದ ಮೇಲೆ ತಾಳ ಹಾಕುತ್ತಿತ್ತು. ಥಾಣೆಯಲ್ಲಿ ಜನ ನುಗ್ಗಿದಾಗ ಒಮ್ಮೆಗೇ ಎಚ್ಚರಾಯಿತು: ಇಷ್ಟು ಹೊತ್ತೂ ಈ ಹಾಡು ಬೈಯುತ್ತಿದ್ದುದು ನನ್ನನ್ನೇ! ಬೈಸಿಕೊಂಡವನಿಗೆ ಬೈದದ್ದು ತಿಳಿಯದಿದ್ದರೆ ತಪ್ಪು ಕೇಳಿದವನದೋ, ಹಾಡಿದವರದೋ?

ಇಬ್ಬರದೂ ಎಂದು ನನ್ನ ಮತ. ಚುಚ್ಚುಮಾತು ಚುಚ್ಚಬೇಕಾದರೆ ಅದರ ಮುಂದೆಯೂ ಹಿಂದೆಯೂ ಒಂದಿಷ್ಟು ಬಿಡುವು ಬೇಕು. ಒಬ್ಬನು ಒಬ್ಬನಿಗೇ ಹೇಳಿದಂತಿರಬೇಕು. ಇಲ್ಲಿ ಮೇಳ ಒಟ್ಟಾಗಿ ಎತ್ತಿಕೊಳ್ಳುವಾಗ ಹಾಡು ಜಯಕಾರದಂತೆ ಆಗಿಬಿಡುತ್ತದೆ. ಸಾವಿರ ಜನ ಕೂಡಿ ಹಾಡುವಾಗ ಪ್ರತಿಯೊಬ್ಬನೂ ಕೆಣಕುವವರ ಗುಂಪಿನಲ್ಲಿ ನಿಲ್ಲುತ್ತಾನೆ. ಕೆಣಕಿಸಿಕೊಳ್ಳುವವನ ಜಾಗ ಖಾಲಿ ಉಳಿಯುತ್ತದೆ. ಮದ್ದಳೆ ಪಾತ್ರದವಳನ್ನು ನುಂಗಿದ್ದು ಇಲ್ಲಿ ನಿಜವಾಗಿಯೂ ನಷ್ಟ.

ಮುದ್ರಿಕೆಯ ಹೆಸರೇ ಈ ಕೊರತೆಗೆ ಸಾಕ್ಷಿ. ‘ಜಗ್ ಚಂಗಾ’ ಎಂದರೆ ಜಗವೆಲ್ಲ ಚೆನ್ನ ಎಂದು. ‘ಆಪ್ ಭಲಾ ತೋ ಜಗ್ ಭಲಾ’ ಎಂದು ಇಲ್ಲಿಯ ಜನ ಆಡುವ ಗಾದೆಗೆ ಹತ್ತಿರದ ಮಾತು. ಒಳ್ಳೆಯ ಮಾತೇ. ಆದರೆ ಶರೀಫರು ಜಗ ಚೆನ್ನಾಗಿದೆ ಎಂದು ಎಲ್ಲಿಯೂ ಸರ್ಟಿಫಿಕೇಟು ಕೊಟ್ಟವರಲ್ಲ. ಜಗವನ್ನು ಬಿಡು, ನಿನ್ನನ್ನು ನೋಡಿಕೋ ಎಂದವರು. ಒಂದೇ ಮುದ್ರಿಕೆಯಲ್ಲಿ ಹೆಸರು ಸಮಾಧಾನ ಹೇಳುತ್ತದೆ, ಪದ ಸಮಾಧಾನ ಕೆಡಿಸಬೇಕೆಂದು ಹೊರಡುತ್ತದೆ. ಈ ಜಗಳ ಹಾಡುಗಾರಿಕೆಯಲ್ಲಿ ಕೇಳಿಸಿದ್ದರೆ ‘ಜಗ್ ಚಂಗಾ’ ಬಹಳ ದೊಡ್ಡ ಕೃತಿಯಾಗುತ್ತಿತ್ತು. ಕೇಳಿಸುವುದಿಲ್ಲ; ಹೆಸರು ಗೆದ್ದುಬಿಟ್ಟಿದೆ.

ಇಷ್ಟು ಹೇಳಿದ ಮೇಲೆ ಹಿರಿಯರ ಪಕ್ಷವನ್ನೂ ಒಂದಿಷ್ಟು ವಿಚಾರಿಸಬೇಕು. ನಮಗೆ ಶರೀಫರೆಂದರೆ ಅಶ್ವತ್ಥರ ಕಂಠ. ಆದರೆ ಅಶ್ವತ್ಥರ (1939–2009) ಹಾಡು ಏಕತಾರಿಯ ಕಾಲದಿಂದ ಹಾಗೆಯೇ ಇಳಿದು ಬಂದದ್ದೇನಲ್ಲ. ಅದು ಧ್ವನಿಸುರುಳಿಗಳ ಕಾಲದ ಸುಗಮ ಸಂಗೀತ. 1990ರಲ್ಲಿ ಟಿ. ಎಸ್. ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಚಿತ್ರ ತೆಗೆದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥರದು. ಆ ಚಿತ್ರದಿಂದಲೇ ಈ ಪದಗಳು ಮನೆಮನೆಗೆ ಬಂದವು. ಅದೂ ವಾದ್ಯವೃಂದದ ಸಂಗೀತವೇ, ಭಜನೆಯ ಗುಡಿಯದಲ್ಲ. ದೀಕ್ಷಿತರು ಮೈಸೂರಿನವರು, ಧಾರವಾಡದ ಮಾತು ಅವರ ನಾಲಗೆಗೆ ಹತ್ತುವುದಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅಶ್ವತ್ಥರು ಹುಟ್ಟಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಎಂಬುದನ್ನು ಅವರು ನೆನೆಯಬೇಕು. ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅಶ್ವತ್ಥರು ಒಂದು ಶಬ್ದದ ಮೇಲೆ ನಿಂತು ಅದನ್ನು ಹಿಂಡುತ್ತಾರೆ; ಶಬ್ದದ ನೋವು, ವ್ಯಂಗ್ಯ ಹೊರಗೆ ಬರುವವರೆಗೆ ಬಿಡುವುದಿಲ್ಲ. ದೀಕ್ಷಿತರು ಶಬ್ದದಿಂದ ಶಬ್ದಕ್ಕೆ ಜಿಗಿಯುತ್ತಾರೆ. ಒಗಟಿಗೆ ಜಿಗಿತ ಸರಿ, ಕೆಣಕಿಗೆ ಹಿಂಡುವುದೇ ಸರಿ. ಎರಡು ಪದಗಳಲ್ಲಿ ಒಂದು ಗೆದ್ದು ಇನ್ನೊಂದು ಸೋತದ್ದರ ಗುಟ್ಟು ಇಷ್ಟೇ.

ಇಂಥ ಜಗಳ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟಿನ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭೆಯಲ್ಲಿ ಹಲವರು ಕೂಗಿ ಧಿಕ್ಕರಿಸಿದರು. ಅದೇ ದೇಶದ ದಕ್ಷಿಣ ಸೀಮೆಯಲ್ಲಿ, ಜಾರ್ಜಿಯಾದ ಅಂಧ ಗಾಯಕ ಬ್ಲೈಂಡ್ ವಿಲೀ ಮೆಕ್‌ಟೆಲ್ 1928ರಲ್ಲಿ ತನ್ನ ಗಿಟಾರೊಂದನ್ನೇ ಜೊತೆಗಿಟ್ಟುಕೊಂಡು ಹಾಡಿದ ‘ಸ್ಟೇಟ್ಸ್‌ಬರೋ ಬ್ಲೂಸ್’ ಎಂಬ ಹಾಡನ್ನು, ಅದೇ ಜಾರ್ಜಿಯಾದಲ್ಲಿ ನೆಲೆಸಿದ ಆಲ್‌ಮನ್ ಬ್ರದರ್ಸ್ ಎಂಬ ಮೇಳದವರು 1971ರ ಮುದ್ರಿಕೆಯಲ್ಲಿ ಎರಡು ಡ್ರಮ್ಮು, ವಿದ್ಯುತ್ ಗಿಟಾರುಗಳೊಡನೆ ಅಬ್ಬರಿಸಿ ಹಾಡಿದರು. ‘ದಕ್ಷಿಣದ ರಾಕ್’ ಎಂದು ಅಲ್ಲಿ ಹೆಸರಾದ ಸಂಗೀತಕ್ಕೆ ಅಡಿಪಾಯ ಹಾಕಿದವರಲ್ಲಿ ಈ ಮೇಳದವರು ಮೊದಲಿಗರು. ಅಬ್ಬರದಲ್ಲಿ ಹಳೆಯ ಹಾಡು ಸಾಯಲಿಲ್ಲ. ಹೊಸ ಹಾಡಿನ ಬೆನ್ನು ಹಿಡಿದು ಜನ ಹಳೆಯ ಅಂಧ ಗಾಯಕನನ್ನು ಹುಡುಕಿಕೊಂಡು ಹೋದರು. ನಮ್ಮ ದಕ್ಷಿಣದ ಮೇಳಕ್ಕೂ ಅಂಥ ಯೋಗ ಬರಬೇಕಾದರೆ ಹಿಂದಕ್ಕೆ ಹುಡುಕಿಕೊಂಡು ಹೋಗುವ ದಾರಿ ತೆರೆದಿರಬೇಕು. ದೇವನಾಗರಿಯ ವಹಿಯಲ್ಲಿ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ.

ಮುದ್ರಿಕೆಯಲ್ಲಿ ಕನ್ನಡದ ಪದಗಳ ಜೊತೆಗೆ ಹಿಂದಿಯ ಹಾಡುಗಳೂ ಇವೆ. ಒಂದೇ ಭಾಷೆಯ ಮುದ್ರಿಕೆಯಾಗಬಾರದಿತ್ತೆ ಎಂದು ಮೊದಲು ಬೇಸರಪಟ್ಟೆ. ಆಮೇಲೆ ನಮ್ಮ ಮನೆಯನ್ನೇ ನೋಡಿದೆ: ಅಡಿಗೆಮನೆಯಲ್ಲಿ ಕನ್ನಡ, ಬಾಗಿಲಿಗೆ ಬಂದವರೊಡನೆ ಮರಾಠಿ, ರಿಕ್ಷಾದಲ್ಲಿ ಹಿಂದಿ, ಶಾಲೆಯ ವಹಿಯಲ್ಲಿ ಇಂಗ್ಲಿಷು. ಈ ಮುದ್ರಿಕೆ ನಮ್ಮ ಮನೆಯಂತೆಯೇ ಇದೆ. ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ಹಿಂದಿಯ ಹಾಡುಗಳು ರಾಗದ ಬಲದಿಂದ ನಿಂತಿವೆ. ರಾಗ ಮುಗಿದರೆ ಹಿಂದೆ ಹೆಚ್ಚೇನೂ ಉಳಿಯುವುದಿಲ್ಲ. ಕನ್ನಡದವು ರಾಗ ಮುಗಿದ ಮೇಲೂ ಕಾಡುತ್ತವೆ. ಅದಕ್ಕೆ ಕಾರಣ ಮೇಳವಲ್ಲ, ನೂರೈವತ್ತು ವರ್ಷದ ಹಿಂದಿನ ಶಾಲಾ ಮಾಸ್ತರ. ಆ ಮಾಸ್ತರನನ್ನೇ ಎರಡನೆಯ ಸಲವೂ ಹುಡುಕಿಕೊಂಡು ಹೋದದ್ದು ದೀಕ್ಷಿತರ ವಿವೇಕ. ಅದು ಅದೃಷ್ಟವಲ್ಲ, ಅಭ್ಯಾಸ ಎಂಬುದು ಖಾತ್ರಿಯಾಯಿತು.

ಆದ್ದರಿಂದ ಸಮಿತಿಯ ಹಿರಿಯ ಮಿತ್ರರಲ್ಲಿ ನನ್ನದೊಂದು ಅರಿಕೆ. ಈ ಸಲದ ರಾಜ್ಯೋತ್ಸವಕ್ಕೆ ಮಕ್ಕಳು ದೀಕ್ಷಿತರ ಹಾಡು ತಂದರೆ ಬೇಡವೆನ್ನಬೇಡಿ. ತಾಲೀಮಿನ ಮೊದಲ ದಿನ, ಹಾಡು ಹಾಕುವ ಮುಂಚೆ, ಕಾಲು ಗಂಟೆ ಅವರನ್ನು ಕೂಡಿಸಿಕೊಂಡು ಪದವನ್ನು ವಾದ್ಯವಿಲ್ಲದೆ ನಿಧಾನವಾಗಿ ಓದಿಸಿ. ಕೋಡಗ ಯಾವುದು, ಮಾಳಿಗೆ ಯಾವುದು, ಯಾರು ಯಾರಿಗೆ ಕೆಣಕುತ್ತಿದ್ದಾರೆ ಎಂದು ಹೇಳಿ. ಆಮೇಲೆ ಬೇಕಾದಷ್ಟು ಕುಣಿಯಲಿ.

ನನ್ನ ಮೊಮ್ಮಗಳು ಈಗ ಕನ್ನಡದ ಒತ್ತು, ದೀರ್ಘಗಳನ್ನು ಬರೆಯಲು ಕಲಿಯುತ್ತಿದ್ದಾಳೆ. ಅವಳು ಬರೆದ ಮೊದಲ ಶಬ್ದ ‘ಕೋಡಗ’. ದೀರ್ಘದ ಗೆರೆಯನ್ನು ಬೇಕಾದದ್ದಕ್ಕಿಂತ ಉದ್ದ ಎಳೆದಿದ್ದಳು. ನಾನು ತಿದ್ದಲಿಲ್ಲ.